ಹುಳು ಪಡಸಾಲೆಯಲ್ಲಿ, ಬೀಗರು ಹಿತ್ತಲಲ್ಲಿ

ನೀವು ಎಂದಾದರೂ ಕೋಲಾರದ ನಮ್ಮ ಮನೆಗೆ ಬಂದರೆ ಒಂದು ತಮಾಷೆ ನೋಡುತ್ತೀರಿ. ಈ ಮನೆಯ ಬಾಗಿಲುಗಳೆಲ್ಲ ಏಳಡಿ ಎತ್ತರ. ನಾನು ಐದಡಿಗೆ ಒಂದಂಗುಲ ಕಮ್ಮಿ. ಆದರೂ ಅಡುಗೆಮನೆಯಿಂದ ಕಾಫಿ ಹಿಡಿದು ಹೊರಗೆ ಬರುವಾಗ ಬಾಗಿಲ ಹತ್ತಿರ ನನ್ನ ತಲೆ ತಾನಾಗಿ ಬಗ್ಗುತ್ತದೆ. ಹೊಸಬರು ನಾನು ತಮಗೇ ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ಗಾಬರಿಯಿಂದ ಎದ್ದು ನಿಲ್ಲುತ್ತಾರೆ. ಬ್ಯಾಂಕು, ಆಸ್ಪತ್ರೆ, ಬಸ್ಸು, ಎಲ್ಲಿ ಬಾಗಿಲು ಕಂಡರೂ ಇದೇ ಕಥೆ. ವೇಮಗಲ್ ಬಸ್ಸಿನ ಕಂಡಕ್ಟರು ಒಮ್ಮೆ ಪಾಪ, ಟಿಕೆಟ್ ಚೀಲ ಬಿಟ್ಟು ನನಗೆ ಕೈ ಮುಗಿದರು.

ವಿನಯ ಎಂದು ಹೊಗಳಬೇಡಿ. ಇದು ಪೆಟ್ಟು ತಿಂದ ಹಣೆಯ ಎಚ್ಚರ. ಆ ಪೆಟ್ಟು ಬಿದ್ದದ್ದು ಎಪ್ಪತ್ತರ ದಶಕದ ನಡುವೆ, ನಾನು ಮದುವೆಯಾಗಿ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯ ಹದಿನಾರು ಕಂಬದ ಮನೆಗೆ ಕಾಲಿಟ್ಟ ದಿನ.

ನಮ್ಮಪ್ಪ ಕೋಲಾರದಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಎರಡಂಕಣದ ಬಾಡಿಗೆ ಮನೆ ನಮ್ಮದು. ಆ ಎರಡು ಅಂಕಣದಲ್ಲಿ ಆರು ಜನ, ಒಂದು ಹೊಲಿಗೆ ಮಿಷಿನ್ನು. ಗಂಡು ನೋಡಿ ಬರುತ್ತೇನೆಂದು ಹೊರಟ ಅಪ್ಪ ಗಂಡನ್ನು ಸರಿಯಾಗಿ ನೋಡಿದರೋ ಇಲ್ಲವೋ, ಮನೆಯನ್ನಂತೂ ಚೆನ್ನಾಗಿ ನೋಡಿ ಬಂದರು. ಹುಡುಗ ಹೇಗಿದ್ದಾನೆ ಎಂದು ಅಮ್ಮ ಕೇಳಿದರೆ, "ತೇಗ ಕಣೇ, ಬರ್ಮಾ ತೇಗ" ಎಂದರು. ಬಣ್ಣ ಹೇಗೆ ಎಂದು ಕೇಳಿದ್ದಕ್ಕೆ, ಎಣ್ಣೆ ಹಾಕಿ ಉಜ್ಜಿದರೆ ಮುಖ ಕಾಣುತ್ತದೆ ಎಂದರು. ನನ್ನ ಯಜಮಾನರಿಗೆ ಈ ಮಾತನ್ನು ಎಷ್ಟೋ ವರ್ಷ ನಾನು ಹೇಳಿರಲಿಲ್ಲ.

ಮನೆ ತುಂಬಿಸಿಕೊಳ್ಳುವ ದಿನ ಮುಂಬಾಗಿಲನ್ನು ಸಲೀಸಾಗಿ ದಾಟಿದೆ. ಆನೆ ನುಗ್ಗುವಷ್ಟು ದೊಡ್ಡ ಬಾಗಿಲು ಅದು. ಮೇಲೆ ಗಜಲಕ್ಷ್ಮಿ, ಪಕ್ಕದಲ್ಲಿ ಗಿಳಿಗಳು, ಹಿತ್ತಾಳೆಯ ಗುಬ್ಬಿಗಳು. ಎಲ್ಲ ಬಾಗಿಲೂ ಹೀಗೇ ಇರುತ್ತವೆಂದುಕೊಂಡು ಫೋಟೊದವನು ಹೇಳಿಕೊಟ್ಟಂತೆ ತಲೆಯೆತ್ತಿ ನಡೆದೆ. ಒಳಬಾಗಿಲಿನ ಮೇಲಿನ ಅಡ್ಡಮರ ನನ್ನ ಹಣೆಗೆ ಬಡಿಯಿತು. ಬಾಸಿಂಗ ಒಂದು ಕಡೆ, ನಾನು ಒಂದು ಕಡೆ. ಅತ್ತೆ ಓಡಿ ಬಂದು ಅರಿಸಿನ ಒತ್ತಿದರು. ಮಾವನವರು ಮಾತ್ರ ಬಲು ಖುಷಿಯಿಂದ, ಒಳಗೆ ಬರುವವರು ಯಾರೇ ಆದರೂ ತಲೆ ಬಗ್ಗಿಸಿ ಬರಲಿ ಎಂದೇ ಮುತ್ತಾತ ಪಿಳ್ಳಪ್ಪನವರು ಈ ಬಾಗಿಲನ್ನು ಗಿಡ್ಡ ಮಾಡಿಸಿದರೆಂದೂ, ಒಬ್ಬ ಅಮಲ್ದಾರರ ಪೇಟವೇ ಇಲ್ಲಿ ಉರುಳಿತೆಂದೂ ನೆರೆದವರಿಗೆ ವಿವರಿಸಿದರು. ಅರಿಸಿನ ಒತ್ತುತ್ತಿದ್ದ ಅತ್ತೆ ನನ್ನ ಕಿವಿಯಲ್ಲಿ ಮೆಲ್ಲಗೆ, "ಮರ ಸಾಲ್ದೆ ಹೋಯ್ತಂತೆ ಕಣಮ್ಮ, ಅಷ್ಟೇಯ" ಎಂದರು.

ಆ ಮನೆಯ ಚರಿತ್ರೆ ನನಗೆ ತಿಳಿದದ್ದು ಹೀಗೆ, ಯಾವಾಗಲೂ ಎರಡು ಬಾಯಿಗಳಿಂದ. ಪಡಸಾಲೆಯಲ್ಲಿ ಮಾವ ಹೇಳುವುದು ಒಂದು, ಅಡುಗೆಮನೆಯಲ್ಲಿ ಅತ್ತೆ ತಿದ್ದುವುದು ಇನ್ನೊಂದು. ಇಬ್ಬರೂ ನಮ್ಮೊಡನೆ ಕನ್ನಡ ಆಡುತ್ತಿದ್ದರು. ತಮ್ಮ ತಮ್ಮಲ್ಲಿ ಜಗಳಕ್ಕೆ, ಮತ್ತು ಎಮ್ಮೆಯನ್ನು ಗದರಿಸುವುದಕ್ಕೆ ಮಾತ್ರ ತೆಲುಗು.

ಮನೆಗೆ ಬಳೆಗಾರ ಬರಲಿ, ಶ್ಯಾನುಭೋಗರು ಬರಲಿ, ದಾರಿ ತಪ್ಪಿ ನೀರು ಕೇಳಲು ಯಾರೋ ಬರಲಿ, ಮಾವನವರು ಅವರನ್ನು ಜಗುಲಿಯಿಂದ ಹಿಡಿದು ತಾರಸಿಯ ತನಕ ಸುತ್ತಿಸದೆ ಬಿಡುತ್ತಿರಲಿಲ್ಲ. ಪಿಳ್ಳಪ್ಪನವರು ಚಿನ್ನದ ಗಣಿಗೆ ಎತ್ತಿನ ಗಾಡಿಗಳಲ್ಲಿ ಮರ ಸಾಗಿಸುತ್ತಿದ್ದರು. ಗಾಡಿಗಳು ಎಷ್ಟು ಎಂಬುದು ಕೇಳುವವರ ಕಣ್ಣು ಎಷ್ಟು ಅರಳುತ್ತದೆ ಎಂಬುದರ ಮೇಲೆ ಹೋಗುತ್ತಿತ್ತು. ಬರ್ಮಾದಿಂದ ಬಂದ ತೇಗದಲ್ಲಿ ಅವರು ತಮಗೂ ಕಂಬ ಮಾಡಿಸಿಕೊಂಡರು. ಅತ್ತೆಯ ಪ್ರಕಾರ ಅದು ಸೊಟ್ಟಗಿದೆಯೆಂದು ಗಣಿಯವರು ಬೇಡವೆಂದ ಮರ. ಮಧುರೆ ಕಡೆಯಿಂದ ಗಾರೆಯವರು ಬಂದು ಆರು ತಿಂಗಳು ಸುಣ್ಣ ಅರೆದರು. ತಾರಸಿಗೆ ಬೆಲ್ಲ, ಅಳಲೆಕಾಯಿಯ ನೀರು, ಐದು ಸಾವಿರ ಕೋಳಿಮೊಟ್ಟೆಯ ಬಿಳಿಯ ಭಾಗ ಸೇರಿಸಿದರು. ಈ ಮೊಟ್ಟೆಯ ಮಾತು ಬಂದಾಗಲೆಲ್ಲ ಒಳಗಿಂದ ಅತ್ತೆಯ ದನಿ ಕೇಳುತ್ತಿತ್ತು. ಅಷ್ಟೂ ಮೊಟ್ಟೆಯ ಹಳದಿಯನ್ನು ತಿಂದವರು ಯಾರು ಎಂದು ವಿಚಾರಿಸಿ, ಅದಕ್ಕೇ ಈ ವಂಶದ ಗಂಡಸರಿಗೆ ಇಷ್ಟು ಪಿತ್ತ ಎಂದು ತಾವೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಿದ್ದರು.

ಮನೆಯನ್ನು ತಿಳಿಯುವುದಕ್ಕೆ ಮೂರನೆಯ ದಾರಿಯೂ ಒಂದಿತ್ತು. ಅದು ಪೊರಕೆ. ತೊಟ್ಟಿಯ ಸುತ್ತಲ ಕಂಬಗಳನ್ನು ಹಬ್ಬಕ್ಕೆ ಒಂದೊಂದಾಗಿ ಒರೆಸಿದವಳು ನಾನು. ಅವು ಹದಿನೈದು. ನಾಲ್ಕು ಸಲ ಎಣಿಸಿ, ಧೈರ್ಯ ಮಾಡಿ ಮಾವನವರನ್ನು ಕೇಳಿದೆ. ಅವರು ಒಂದಿಷ್ಟೂ ಅಳುಕದೆ ಹದಿನಾರನೆಯದು ಗೋಡೆಯೊಳಗೆ ಇದೆ ಎಂದರು. ಮನೆಯ ಭಾರವೆಲ್ಲ ಅದರ ಮೇಲೇ ಇದೆಯಂತೆ. ಕಾಣದ ಕಂಬಕ್ಕೆ ಕೈ ಮುಗಿದು ಸುಮ್ಮನಾದೆ.

ಇಂಥ ಮನೆಯಲ್ಲಿ ನನಗೊಂದು ಕಿಟಕಿಯಿರುವ ಕೋಣೆ ಸಿಕ್ಕೇ ಸಿಗುತ್ತದೆಂದು ಮದುವೆಗೆ ಮುಂಚೆ ಕನಸು ಕಂಡಿದ್ದೆ. ಮೆತ್ತನೆಯ ಹಾಸಿಗೆ, ಕಿಟಕಿಯಲ್ಲಿ ಗಾಳಿ, ಕೈಯಲ್ಲಿ ಕಾದಂಬರಿ. ಕಿಟಕಿಯಿರುವ ಕೋಣೆಯೇನೋ ಇತ್ತು, ಅದರಲ್ಲಿ ಹುಳುಗಳಿದ್ದವು. ರೇಷ್ಮೆ ಹುಳು. ವರ್ಷಕ್ಕೆ ಐದು ಬೆಳೆ. ಮೊಟ್ಟೆಯೊಡೆದ ಮರಿಗಳಿಗೆ ಮೊದಲು ಆ ಕೋಣೆ. ಕೊಂಚ ಬೆಳೆದವೋ, ಪಡಸಾಲೆಗೆ ಬಡ್ತಿ. ಬಲಿತವೋ, ತೊಟ್ಟಿಯ ಸುತ್ತಲೂ ಬಿದಿರಿನ ತಟ್ಟೆಗಳ ಸಾಲು, ಕಂಬದಿಂದ ಕಂಬಕ್ಕೆ. ತಣ್ಣಗಿನ ಗೋಡೆ, ಎತ್ತರದ ಸೂರು, ಹದವಾದ ಗಾಳಿ. ಪಿಳ್ಳಪ್ಪನವರು ತಮಗೇ ಗೊತ್ತಿಲ್ಲದೆ ಹುಳುಗಳಿಗೆ ಹೇಳಿ ಮಾಡಿಸಿದಂಥ ಅರಮನೆ ಕಟ್ಟಿದ್ದರು. ಮನುಷ್ಯರು ಹಿತ್ತಲ ಕಡೆಯ ಚಾವಡಿಗೆ, ಕೊಟ್ಟಿಗೆಯ ಜಗುಲಿಗೆ ಸರಿಯುತ್ತಿದ್ದರು. ನಮ್ಮ ಹೊಸ ಸಂಸಾರ ಶುರುವಾದದ್ದು ರಾಗಿ ಮೂಟೆಗಳ ನಡುವೆ. ಇದನ್ನು ಇನ್ನೂ ವಿವರಿಸುವುದಿಲ್ಲ, ನನ್ನ ಯಜಮಾನರು ಓದುವ ಕನ್ನಡಕ ಹಾಕಿಕೊಂಡು ಇಲ್ಲೇ ಕುಳಿತಿದ್ದಾರೆ.

ಹುಳು ಸಾಕುವುದೆಂದರೆ ಬಾಣಂತನ ಮಾಡಿದ ಹಾಗೆ. ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರ ಎಂದರೆ ಕಾಯಿಲೆಯಲ್ಲ, ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಮಲಗಿ ಪೊರೆ ಬಿಡುವುದು. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅದಕ್ಕೆ ಎಲ್ಲಿಲ್ಲದ ಹಸಿವು. ಹಗಲು ರಾತ್ರಿ ಸೊಪ್ಪು ಹಾಕಬೇಕು. ಆಗ ಹೊರಗಿನವರು ಯಾರೂ ಒಳಗೆ ಕಾಲಿಡುವಂತಿಲ್ಲ. ಪೌಡರು, ಬೀಡಿ, ಘಮ್ಮೆನ್ನುವ ತಲೆಯೆಣ್ಣೆ ಹತ್ತಿರ ಸುಳಿಯಬಾರದು. ಇದೊಂದೂ ಗೊತ್ತಿಲ್ಲದ ಪಟ್ಟಣದ ಸೊಸೆ ನಾನು, ಮೊದಲ ಬೆಳೆಯಲ್ಲೇ ಗಂಡನನ್ನು ಮೆಚ್ಚಿಸಲು ಸಾರಿಗೆ ಇಂಗು, ಒಣಮೆಣಸಿನಕಾಯಿ ಹಾಕಿ ಜೋರಾಗಿ ಒಗ್ಗರಣೆ ಕೊಟ್ಟೆ. ಅತ್ತೆ ಮನೆಗೆ ಬೆಂಕಿ ಬಿದ್ದವರಂತೆ ಓಡಿ ಬಂದು ಬಾಣಲೆಯನ್ನು ಸೆರಗಿನಲ್ಲಿ ಹಿಡಿದು ಹಿತ್ತಲಿಗೆ ಎಸೆದರು. ಹುಳುಗಳಿಗೆ ಏನೂ ಆಗಲಿಲ್ಲ. ಆದರೆ ಆ ವರ್ಷ ಮಾವಿನ ಹೂ ಉದುರಿದರೂ, ಎಮ್ಮೆ ಒದ್ದರೂ, ಮಾವನವರಿಗೆ ಕೆಮ್ಮು ಬಂದರೂ ಮನೆಯವರೆಲ್ಲ ನನ್ನ ಒಗ್ಗರಣೆಯನ್ನೇ ನೆನೆದರು.

ಈಗ ಶಾರದೆಯ ವಿಷಯಕ್ಕೆ ಬರುತ್ತೇನೆ. ಶಾರದೆ ನನ್ನ ನಾದಿನಿ, ಮಾವನವರ ಒಬ್ಬಳೇ ಮಗಳು. ನನಗಿಂತ ಒಂದು ವರ್ಷ ದೊಡ್ಡವಳು. ಹುಳು ಸಾಕುವುದರಲ್ಲಿ ಊರಿಗೇ ಅವಳ ಕೈ ಹೆಸರುವಾಸಿ. ಅಂಥ ಹುಡುಗಿಗೆ ಮದುವೆ ಆಗುತ್ತಿರಲಿಲ್ಲ, ಅಡ್ಡ ಬಂದದ್ದು ಮನೆ. ಮುಳಬಾಗಿಲಿನಿಂದ ಬಂದ ಮೊದಲನೆಯ ಗಂಡಿನ ಅಪ್ಪ ಮಾವನವರ ಹಿಂದೆ ತಾರಸಿಯ ತನಕ ಹತ್ತಿ ಇಳಿದು, ಇಷ್ಟು ದೊಡ್ಡ ಮನೆಯಲ್ಲಿ ಬೆಳೆದವಳು ನಮ್ಮ ಗೂಡಿನಲ್ಲಿ ಬಾಳುತ್ತಾಳೆಯೇ ಎಂದು ಹೆದರಿ ಹೋದ. ಎರಡನೆಯವರು ಕಂಬಗಳನ್ನು ತಟ್ಟಿ ನೋಡಿ, ಮನೆಗೆ ತಕ್ಕ ಹಾಗೆ ಉಡುಗೊರೆಯ ಪಟ್ಟಿ ಕೊಟ್ಟರು. ಅದನ್ನು ಪೂರೈಸಲು ಮನೆಯನ್ನೇ ಮಾರಬೇಕಿತ್ತು. ಮೂರನೆಯವರ ಕಥೆ ಇನ್ನೂ ಚೆನ್ನ. ಮಾವನವರು ತಾರಸಿಯಲ್ಲಿ ಮೊಟ್ಟೆಯ ಪ್ರಸಂಗಕ್ಕೆ ಬರುವಷ್ಟರಲ್ಲಿ ಸಂಜೆಯ ಬಸ್ಸಿನ ಹಾರನ್ ಕೇಳಿತು. ಬಂದವರು ಎದ್ದೆವೋ ಬಿದ್ದೆವೋ ಎಂದು ಓಡಿ ಬಸ್ಸು ಹತ್ತಿದರು. ಶಾರದೆ ರೇಷ್ಮೆ ಸೀರೆ ಉಟ್ಟು, ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತೇ ಇದ್ದಳು. ಅವಳನ್ನು ಯಾರೂ ನೋಡಲೇ ಇಲ್ಲ.

ಅಂದು ನಾವು ನಕ್ಕೆವು, ಅವಳೂ ನಕ್ಕಳು. ಆಮೇಲೆ ಸೊಪ್ಪು ಹೆಚ್ಚಲು ಕುಳಿತಾಗ ತಲೆಯೆತ್ತದೆ, "ಅತ್ತಿಗೆ, ಈ ಮನೆಗೊಂದ್ ಸಲ ಬೆಂಕಿ ಬಿದ್ರೆ ನನಗೆ ಮದ್ವೆ ಆಗ್ತದೆ" ಎಂದಳು. ನನಗೆ ನಗು ನಿಂತುಹೋಯಿತು. ಆಗ ಅವಳಿಗೆ ಇಪ್ಪತ್ತೈದು. ಊರಿನಲ್ಲಿ ಅವಳ ಜೊತೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದವು.

ನಾಲ್ಕನೆಯ ಸಂಬಂಧ ಬಂದದ್ದು ವಕ್ಕಲೇರಿ ಕಡೆಯಿಂದ. ಹುಡುಗ ಕೃಷ್ಣಪ್ಪ ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅಪ್ಪ ಇಲ್ಲ. ತಾಯಿ ಚೌಡಮ್ಮ, ಎರಡು ಹಸು, ಒಂದಿಷ್ಟು ಹಿಪ್ಪುನೇರಳೆ ತೋಟ, ಎರಡಂಕಣದ ಹೆಂಚಿನ ಮನೆ. ಸಂಬಂಧ ತಂದ ಹೋಳೂರಿನ ನೆಂಟರು ಯಾವ ದಿನ ಕರೆತರಲಿ ಎಂದು ಕೇಳಿದಾಗ ಅತ್ತೆ ಒಂದು ಗಳಿಗೆ ಯೋಚಿಸಿ, ಮುಂದಿನ ಶುಕ್ರವಾರ ಎಂದರು. ಎಂದೂ ಪಂಚಾಂಗ ನೋಡದೆ ಬಾಯಿ ಬಿಡದವರು ಅಂದು ಪಂಚಾಂಗ ಮುಟ್ಟಲಿಲ್ಲ. ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಶುಕ್ರವಾರ ಬಂತು. ಹುಳು ನಾಲ್ಕನೆಯ ಜ್ವರದಿಂದ ಎದ್ದು ಮೂರು ದಿನವಾಗಿತ್ತು. ತೊಟ್ಟಿ, ಪಡಸಾಲೆ, ಕೋಣೆ ಎಲ್ಲೆಲ್ಲೂ ತಟ್ಟೆಗಳು. ಹೊರಗಿನ ಸೋಂಕು ಒಳಗೆ ಬರದಂತೆ ಹೊಸ್ತಿಲಿಗೆ ಸುಣ್ಣದ ಪುಡಿ ಹಾಕಿ ಮುಂಬಾಗಿಲು ಎಳೆದಿತ್ತು. ಬಸ್ಸಿಳಿದು ಬಂದ ಚೌಡಮ್ಮನನ್ನೂ ಮಗನನ್ನೂ ಎದುರುಗೊಂಡ ಮಾವನವರ ಕೈ ಅಭ್ಯಾಸಬಲದಿಂದ ಬಾಗಿಲಿನ ಹಿತ್ತಾಳೆ ಬಳೆಗೆ ಹೋಯಿತು. ಒಳಗಿಂದ ಅತ್ತೆ, ಹುಳು ಎದ್ದಿವೆ, ಯಾರೂ ಬರುವಂತಿಲ್ಲ ಎಂದರು. ಮಾವನವರ ಮುಖ ನೋಡಬೇಕಿತ್ತು. ಬಂದವರಿಗೆ ಬೇಸರವಾಗಲಿಲ್ಲ. ತಾವೂ ಹುಳು ಸಾಕುವವರೇ, ಒಳಗೆ ಕರೆದರೂ ಬರುವುದಿಲ್ಲ ಎಂದು ಚೌಡಮ್ಮ ತಾವೇ ಮುಂದಾಗಿ ಪಕ್ಕದ ಓಣಿಯಿಂದ ಹಿತ್ತಲಿಗೆ ನಡೆದರು.

ಹಿತ್ತಲಲ್ಲಿ ಹುಣಸೆಮರದ ಕೆಳಗೆ ಹಗ್ಗದ ಮಂಚ ಹಾಕಿದ್ದೆವು. ಶಾರದೆ ಹಳೆಯ ಹತ್ತಿ ಸೀರೆಯಲ್ಲಿ, ಮೊಣಕೈ ತನಕ ಹಸಿರಾಗಿ, ಸೊಪ್ಪು ಬಿಡಿಸುತ್ತಿದ್ದಳು. ಗಂಡಿನವರು ಬಂದರೆಂದು ಹುಳುವಿನ ಹಸಿವು ಕಾಯುವುದಿಲ್ಲವಲ್ಲ. ಅವಳು ನಾಚಿ ಏಳಹೋದಾಗ ಚೌಡಮ್ಮ ಕೈ ಹಿಡಿದು ಕೂರಿಸಿ, ಪಕ್ಕದಲ್ಲೇ ಕುಳಿತು, ತಾವೂ ಒಂದು ಕಟ್ಟು ಸೊಪ್ಪು ಬಿಚ್ಚಿ ಎಲೆ ಕೀಳತೊಡಗಿದರು. ಇಬ್ಬರೂ ಒಂದು ಗಂಟೆ ಹುಳುವಿನ ಜ್ವರದ ಮಾತೇ ಆಡಿದರು. ಕೃಷ್ಣಪ್ಪ ಸ್ವಲ್ಪ ಹೊತ್ತು ಶಾರದೆಯನ್ನೂ, ಬಹಳ ಹೊತ್ತು ನಮ್ಮ ಎಮ್ಮೆಯನ್ನೂ ನೋಡಿ, ಎಮ್ಮೆಗೆ ಹಿಂಡಿ ಸಾಲದು ಎಂದ. ಅದಕ್ಕೆ ಶಾರದೆ, "ಹಿಂಡಿ ಸಾಲ್ದೆ ಅಲ್ಲ, ಅದಕ್ಕೆ ಕೊಬ್ಬು ಜಾಸ್ತಿ" ಎಂದುಬಿಟ್ಟಳು. ಆ ಹುಡುಗ ನಕ್ಕದ್ದು ನೋಡಿ ನನಗೆ ಈ ಮದುವೆ ಆಗುತ್ತದೆ ಎನಿಸಿತು.

ಮಾವನವರಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಿಂಗೋಡೆಯ ಕಡೆ ಕೈ ತೋರಿಸಿ, ಇದರ ಆಚೆಗೆ ಏನಿದೆಯೆಂದರೆ ಎಂದು ಎರಡು ಸಲ ಶುರು ಮಾಡಿದರು. ಎರಡು ಸಲವೂ ಅತ್ತೆ ಎಲ್ಲಿಂದಲೋ ಬಂದು ಅವರ ಕೈಗೆ ಸುಡುಸುಡು ಕಾಫಿ ಕೊಟ್ಟರು. ಬಾಯಿ ಸುಟ್ಟುಕೊಂಡವರು ಚರಿತ್ರೆ ಹೇಳುವುದು ಹೇಗೆ?

ಹದಿನೈದು ದಿನ ಕಳೆದು ಒಪ್ಪಿಗೆ ಬಂತು. ವೀಳ್ಯಶಾಸ್ತ್ರಕ್ಕೆ ತಾವೇ ನಮ್ಮ ಮನೆಗೆ ಬಂದು, ಎಲೆ ಅಡಿಕೆ ಬದಲಾಯಿಸಿ ಮಾತು ಗಟ್ಟಿ ಮಾಡಿಕೊಂಡು ಹೋಗುತ್ತೇವೆಂದು ಚೌಡಮ್ಮ ಹೇಳಿ ಕಳಿಸಿದರು. ಅಷ್ಟು ಹೊತ್ತಿಗೆ ಹುಳು ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋಗಿ, ಮನೆ ಬರಿದಾಗಿತ್ತು. ಮಾವನವರು ತಾವೇ ಮುಂದೆ ನಿಂತು ಸುಣ್ಣ ಬಳಿಸಿದರು, ಕಂಬಗಳಿಗೆ ಎಣ್ಣೆ ಹಚ್ಚಿದರು. ಒಂದು ಸಲ ಕೈ ತಪ್ಪಿದ ಅವಕಾಶವನ್ನು ಈ ಸಲ ಬಡ್ಡಿ ಸಮೇತ ತೀರಿಸಿಕೊಳ್ಳುವ ಹುರುಪು. ಶಾರದೆ ಅವರು ಎಣ್ಣೆ ಹಚ್ಚುವುದನ್ನು ದೂರದಿಂದ ನೋಡುತ್ತಿದ್ದಳು. ಎರಡು ದಿನದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಕೃಷ್ಣಪ್ಪನನ್ನು ಅವಳು ಮನಸ್ಸಿಗೆ ಹಚ್ಚಿಕೊಂಡಿದ್ದಳು, ಈ ಕಂಬಗಳನ್ನು ನೋಡಿ ಆ ತಾಯಿ ಹಿಂದೆ ಸರಿದರೆ ಎಂಬುದೊಂದೇ ಅವಳ ಭಯ. ಆಗ ನಾನು ಬೆರಳು ಮಡಚಿ ಎಣಿಸಿದೆ. ಹುಳುವಿನ ಮೊಟ್ಟೆ ತಂದ ದಿನ, ಒಂದನೆಯ ಜ್ವರ, ಎರಡನೆಯ ಜ್ವರ. ಅವರು ನೋಡಲು ಬಂದ ಶುಕ್ರವಾರಕ್ಕೆ ಹುಳು ಎದ್ದಿರುತ್ತವೆಂದು ಅತ್ತೆಗೆ ಮೊದಲೇ ಗೊತ್ತಿರಲೇಬೇಕು. ಕೇಳಿದೆ. ಅತ್ತೆ ಮುಚ್ಚಿಡಲಿಲ್ಲ. ಬಂದವರೆಲ್ಲ ಮನೆಯನ್ನೇ ನೋಡಿ ಹೋದರು, ಈ ಸಲವಾದರೂ ಹುಡುಗಿಯನ್ನು ನೋಡಲಿ ಎಂದು ಹಾಗೆ ಮಾಡಿದೆ ಎಂದರು.

ಅಂದೇ ಮಧ್ಯಾಹ್ನ ಮಾವನವರು ಊಟಕ್ಕೆ ಕುಳಿತಾಗ ಅತ್ತೆ ಆ ಮಾತು ತೆಗೆದರು. ವೀಳ್ಯವನ್ನು ಗುಡಿಯಲ್ಲಿ ಇಟ್ಟುಕೊಳ್ಳೋಣ ಎಂದರು. ನನ್ನ ಮಗಳ ವೀಳ್ಯ ಗುಡಿಯಲ್ಲಿ ಯಾಕೆ, ನನಗೇನು ಮನೆಯಿಲ್ಲವೇ ಎಂದು ಮಾವ ರೇಗಿದರು. ಮಾತು ತೆಲುಗಿಗೆ ತಿರುಗಿತು. ಕೊನೆಯದನ್ನು ಮಾತ್ರ ಅತ್ತೆ ನಮಗೆಲ್ಲ ತಿಳಿಯುವಂತೆ ಕನ್ನಡದಲ್ಲೇ ಹೇಳಿದರು. "ಮೂರು ಗಂಡುಗಳ್ನ ಓಡಿಸಿದ್ದು ನಿಮ್ ಮುತ್ತಾತ. ನಾಲ್ಕನೇದನ್ನಾದ್ರೂ ನೀವು ಉಳಿಸ್ಕೊಡಿ."

ಮಾವನವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದರು. ಆ ಮನೆಯಲ್ಲಿ ಮುದ್ದೆ ಬಿಟ್ಟು ಎದ್ದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ವೀಳ್ಯ ಕೊನೆಗೆ ಮನೆಯಲ್ಲೇ ಎಂದಾಯಿತು, ಆದರೆ ಅವರ ಹುರುಪು ಅಂದಿಗೇ ಇಳಿದುಹೋಯಿತು. ಅಲ್ಲಿಯ ತನಕ ಅವರ ಪ್ರದಕ್ಷಿಣೆಯನ್ನು ಆಡಿಕೊಂಡು ನಕ್ಕ ನನಗೆ ನಾಚಿಕೆಯಾಯಿತು. ಪಿಳ್ಳಪ್ಪನವರ ಗಾಡಿಗಳಾಗಲಿ, ಗಣಿಯ ವ್ಯಾಪಾರವಾಗಲಿ ಮಾವನವರ ಕಾಲಕ್ಕೆ ಏನೂ ಉಳಿದಿರಲಿಲ್ಲ. ಇದ್ದದ್ದು ಅಷ್ಟು ಮರ, ಅಷ್ಟು ಗಾರೆ, ಹೇಳಿಕೊಳ್ಳಲು ಒಂದು ಕಥೆ. ಅದನ್ನೂ ಬಾಯಿ ಮುಚ್ಚಿಕೊಂಡು ಬಿಡಿ ಎಂದಿದ್ದೆವು.

ವೀಳ್ಯದ ದಿನ ಚೌಡಮ್ಮ ಮಗನನ್ನೂ ನಾಲ್ಕು ಜನ ಹಿರಿಯರನ್ನೂ ಕರೆದುಕೊಂಡು ಬಂದರು. ಮುಂಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಕಾಲಿಡಲು ಹೊರಟವರು ಒಳಗೆ ನೋಡಿದರು. ತೊಟ್ಟಿಯಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು, ಕಂಬಗಳು ಹೊಳೆಯುತ್ತಿದ್ದವು. ಎತ್ತಿದ ಕಾಲನ್ನು ಆಕೆ ಹಿಂದಕ್ಕೆ ತೆಗೆದುಕೊಂಡರು. ಮಗನ ಮುಖ ನೋಡಿದರು. ಆಮೇಲೆ ಮಾವನವರಿಗೆ, ದನಿ ತಗ್ಗಿಸಿ, "ಅಣ್ಣಾ, ಬಾಗ್ಲು ದೊಡ್ಡದಾದ್ರೂ ಹಿತ್ಲು ನೋಡಿ ನಾವು ನಿಮ್ಮನ್ನ ನಮ್ಮಂಥೋರೇ ಅಂದ್ಕೊಂಡ್ವಿ. ಇಂಥಾ ಮನೆ ಹುಡುಗೀನ ನಮ್ಮ ಎರಡಂಕಣಕ್ಕೆ ಕರ್ಕೊಂಡೋಗಾಕೆ ನನಗೆ ಧೈರ್ಯ ಬರಾಕಿಲ್ಲ" ಎಂದರು.

ಒಳಬಾಗಿಲ ಹಿಂದೆ ಶಾರದೆ ನನ್ನ ರಟ್ಟೆ ಹಿಡಿದುಕೊಂಡಳು. ಅತ್ತೆ ಕಣ್ಣು ಮುಚ್ಚಿಕೊಂಡರು. ಮಾವನವರು ಕಂಬಕ್ಕೆ ಕೈಯಿಟ್ಟುಕೊಂಡು ನಿಂತಿದ್ದರು. ಸಾಮಾನ್ಯವಾಗಿ ಅವರು ಕಥೆ ಶುರು ಮಾಡುತ್ತಿದ್ದದ್ದು ಹಾಗೆ ನಿಂತೇ. ಅವರು ಕಂಬದಿಂದ ಕೈ ತೆಗೆದರು.

"ಮನೆ ನಮ್ದಲ್ಲ ಕಣಮ್ಮ" ಎಂದರು. "ಹುಳುದು. ವರ್ಷದಾಗೆ ಆರ್ ತಿಂಗ್ಳು ಅವೇ ಇರ್ತವೆ. ನಾವು ಹಿತ್ಲಾಗೆ ಇರೋರು. ನೀವು ಕೂತಿದ್ರಲ್ಲ, ಆ ಹುಣಸೆಮರದ ಕೆಳ್ಗೆ, ನನ್ ಮಗ್ಳು ಬೆಳ್ದಿದ್ದು ಅಲ್ಲೇಯ. ನೀವು ಸರಿಯಾಗೇ ನೋಡಿದೀರಿ."

ಚೌಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ತಮ್ಮ ಮನೆಯಲ್ಲೂ ಹುಳುವೇ ಯಜಮಾನ, ಬೆಳೆ ಎದ್ದಾಗ ತಾವೂ ಹಸುವಿನ ಪಕ್ಕದಲ್ಲೇ ಮಲಗುವುದು ಎಂದು ಹೇಳುತ್ತ ಹೊಸ್ತಿಲು ದಾಟಿ ಒಳಗೆ ಬಂದರು. ಎಲೆ ಅಡಿಕೆ ಬದಲಾಯಿತು. ಶಾರದೆ ಬಂದು ಎಲ್ಲರಿಗೂ ನಮಸ್ಕಾರ ಮಾಡಿದಳು. ಅಪ್ಪನ ಕಾಲಿಗೆ ಬಿದ್ದವಳು ಬೇಗ ಏಳಲಿಲ್ಲ.

ಮಾವನವರು ಆಮೇಲೂ ಮನೆಯ ಕಥೆ ತೆಗೆಯಲಿಲ್ಲ. ಊಟವಾದ ಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು ಮರದ ಕೆತ್ತನೆ ನೋಡಿ, ಬಹಳ ಹಳೆಯ ಕಾಲದ್ದಿರಬೇಕು ಎಂದರು. ಮಾವನವರು ಹೂಂ ಎಂದು ನೆಲ ನೋಡಿದರು. ಮಗಳಿಗಾಗಿ ಆ ಮನುಷ್ಯ ತಮ್ಮ ಹತ್ತಿರ ಇದ್ದದ್ದನ್ನೆಲ್ಲ ಕೊಟ್ಟಿದ್ದರು.

ಆಗ ಅಡುಗೆಮನೆಯಿಂದ ಅತ್ತೆ ಹೊರಗೆ ಬಂದರು. ಹೊರಗಿನ ಗಂಡಸರು ಕುಳಿತಿರುವಾಗ ಅವರು ಪಡಸಾಲೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಚೌಡಮ್ಮನ ಕೈ ಹಿಡಿದು, ಬನ್ನಿ ಬೀಗರೇ ಎಂದು ಜಗುಲಿಗೆ ಕರೆದುಕೊಂಡು ಹೋದರು. ಅಲ್ಲಿಂದಲೇ ಮೊದಲು ಮಾಡಿದರು. ನಮ್ಮ ಯಜಮಾನರ ಮುತ್ತಾತ ಪಿಳ್ಳಪ್ಪನವರು ಎಂಥ ದೊಡ್ಡ ಮನುಷ್ಯರು, ಎಷ್ಟು ಗಾಡಿ ಕಟ್ಟಿಸಿದ್ದರು, ಬರ್ಮಾದಿಂದ ಹೇಗೆ ತೇಗ ಬಂತು, ಎಲ್ಲವನ್ನೂ ಮಾವನವರು ಹೇಳುತ್ತಿದ್ದ ಹಾಗೆಯೇ ಹೇಳಿದರು. ಒಂದು ಕಡೆಯೂ ತಿದ್ದಲಿಲ್ಲ. ಹಿರಿಯರೂ ಎದ್ದು ಹಿಂದೆ ಬಂದರು, ಕೃಷ್ಣಪ್ಪನೂ ಬಂದ. ಎಲ್ಲರಿಗಿಂತ ಹಿಂದೆ, ಹೆಗಲ ಮೇಲಿನ ಟವಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ ಮಾವನವರು, ಆ ಮನೆಯ ಕಥೆಯನ್ನು ಮೊದಲ ಸಲ ಕೇಳುವವರ ಹಾಗೆ ಕೇಳುತ್ತ ಬಂದರು.